ಹಬ್ಬದ ರಜೆಯಲ್ಲಿ ಬೂದಿಯ ಕಣ್ಣು

ನೀರು ತುಂಬುವ ಹಬ್ಬದ ಸಂಜೆ ನಮ್ಮ ಬೆಕ್ಕು ಬೂದಿ ಒಂದು ಕಣ್ಣು ಮುಚ್ಚಿಕೊಂಡು ಬಚ್ಚಲೊಲೆಯ ಹತ್ತಿರ ಬಂದು ಕೂತಿತು. ಊರಿನ ಪಶು ಆಸ್ಪತ್ರೆಗೆ ಅಂದು ಮಧ್ಯಾಹ್ನವೇ ಬೀಗ ಬಿದ್ದಿತ್ತು. ಇನ್ನು ದೀಪಾವಳಿ ಮುಗಿಯುವ ತನಕ ತೆಗೆಯುವುದಿಲ್ಲ.

ಕಣ್ಣು ಗೀರಿನಷ್ಟು ಮಾತ್ರ ತೆರೆದಿತ್ತು. ನೀರು ಇಳಿದು ಇಳಿದು ಮೂಗಿನ ಪಕ್ಕದ ರೋಮ ಅಂಟಿಕೊಂಡಿತ್ತು. ಒಳಮೂಲೆಯಿಂದ ಬೆಳ್ಳನೆಯದೊಂದು ಪದರ ಅರ್ಧ ಕಣ್ಣಿನವರೆಗೆ ಬಂದು ನಿಂತಿತ್ತು. ಅತ್ತೆ ನೋಡಿದವರೇ "ಪೊರೆ ಬಂದಿದೆ ಕಣೇ" ಅಂದರು. ಪೊರೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರದೇ ಕೊನೆಯ ಮಾತು. ಹೋದ ಬೇಸಿಗೆಯಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದವರು. "ನನ್ನ ಡ್ರಾಪ್ಸ್ ಅರ್ಧ ಬಾಟ್ಲಿ ಹಾಗೇ ಇದೆ. ಎರಡು ಹನಿ ಬಿಡು, ಬೆಳಗಾಗುವಷ್ಟರಲ್ಲಿ ಸರಿಯಾಗ್ತದೆ."

ಬಾಟ್ಲಿ ಬಂತು. ಬಿಡುವ ಮೊದಲು ಒಂದು ಫೋನ್ ಮಾಡೋಣ ಅಂದೆ. ನಮ್ಮ ದನಗಳನ್ನು ನೋಡುವ ಡಾಕ್ಟರು ಹಬ್ಬಕ್ಕೆಂದು ಬಯಲುಸೀಮೆಯ ತಮ್ಮೂರಿಗೆ ಹೋಗಿದ್ದರು. ಪುಣ್ಯಕ್ಕೆ ಫೋನ್ ಎತ್ತಿದರು. ಕಣ್ಣಿನ ಫೋಟೊ ಕಳಿಸಿ ಎಂದರು, ಬಾಟ್ಲಿಯ ಚೀಟಿಯದೂ ಕಳಿಸಿ ಎಂದರು. ಚೀಟಿಯಲ್ಲಿ ಡೆಕ್ಸಾಮೆಥಾಸೋನ್ ಎಂದಿತ್ತು.

"ಅದನ್ನು ಮುಟ್ಟಲೇಬೇಡಿ ಅಮ್ಮಾ" ಎಂದರು. ಅದು ಸ್ಟೀರಾಯ್ಡ್. ಪೊರೆ ತೆಗೆದ ಕಣ್ಣಿನ ಉರಿಯೂತಕ್ಕೆ ಕೊಡುವಂಥದ್ದು. ಬೆಕ್ಕಿನ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಗಾಯವಾಗಿದ್ದರೆ ಅದೇ ಹನಿ ಗಾಯ ಮಾಯದ ಹಾಗೆ ಮಾಡುತ್ತದೆ, ಸೋಂಕಿಗೆ ದಾರಿ ಬಿಡುತ್ತದೆ. ಆ ಪದರ ಒಂದು ಮಿಲಿಮೀಟರಿಗಿಂತಲೂ ತೆಳು. ಕರಗುತ್ತಾ ಹೋದರೆ ತೂತು ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಗಾಯ ಇದೆಯೋ ಇಲ್ಲವೋ ಎನ್ನುವುದು ಫೋಟೊದಲ್ಲಿ ತಿಳಿಯುವುದಿಲ್ಲ. ನೀವು ಪೊರೆ ಅನ್ನುತ್ತಿರುವುದು ಬೆಕ್ಕುಗಳಿಗಿರುವ ಮೂರನೆಯ ರೆಪ್ಪೆ, ನೋವಿಗೆ ಗುಡ್ಡೆ ಒಳಗೆ ಸರಿದಾಗ ಅದು ಮೇಲೆ ಬರುತ್ತದೆ ಎಂದೂ ಹೇಳಿದರು. ಅತ್ತೆ ಬಾಟ್ಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದರು. ಬೇಸರವಾಗಿತ್ತು ಅವರಿಗೆ.

ನಾನು ಮಾಡಬಹುದಾದ್ದು ಇಷ್ಟೇ: ಕಣ್ಣು ತೊಳೆಯುವುದು, ಉಜ್ಜಿಕೊಳ್ಳದ ಹಾಗೆ ನೋಡಿಕೊಳ್ಳುವುದು, ಕತ್ತಲೆಯಲ್ಲಿಡುವುದು. ಗುಡ್ಡೆ ನೀಲಿ ಬಿಳುಪಿಗೆ ತಿರುಗಿದರೆ ಅಥವಾ ಉಬ್ಬಿ ಬಂದರೆ ಹಬ್ಬ ಗಿಬ್ಬ ನೋಡದೆ ಸೀದಾ ಶಿವಮೊಗ್ಗದ ವೆಟರ್ನರಿ ಕಾಲೇಜಿಗೆ ಹೊರಡಬೇಕು.

ಮೆಡಿಕಲ್ ಶಾಪಿನವನು ಅಂಗಡಿಪೂಜೆಯ ನಡುವೆ ಎದ್ದು ಬಂದು ಡ್ರಿಪ್ಪಿನ ಬಾಟ್ಲಿ ಕೊಟ್ಟ. ಕೊಟ್ಟಿದ್ದು ಡೆಕ್ಸ್‌ಟ್ರೋಸ್. ನಮ್ಮ ಕಡೆ ಡ್ರಿಪ್ ಅಂದರೆ ಎಲ್ಲವೂ ಗ್ಲೂಕೋಸೇ. ವಾಪಸ್ ಕೊಟ್ಟು ಸೋಡಿಯಂ ಕ್ಲೋರೈಡ್ 0.9% ಎಂದು ಬರೆದಿದ್ದನ್ನೇ ತಂದೆ. ಕಣ್ಣೀರಿನ ಉಪ್ಪಿಗೂ ಇದಕ್ಕೂ ಹೆಚ್ಚುಕಮ್ಮಿ ಹೊಂದುತ್ತದೆ, ಹಾಗಾಗಿ ಉರಿಯುವುದಿಲ್ಲ. ಬೇಕಾದಷ್ಟನ್ನು ಕುದಿಸಿ ಆರಿಸಿದ ಲೋಟಕ್ಕೆ ಬಗ್ಗಿಸಿ, ಲೋಟವನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಂಡೆ.

ತೊಳೆಯುವುದು ಅಂದರೇನು ಎಂದು ಬೆಕ್ಕು ಸಾಕಿದವರಿಗೇ ಗೊತ್ತು. ಬೂದಿಯನ್ನು ಹಳೆಯ ಟವೆಲಿನಲ್ಲಿ ಕುತ್ತಿಗೆಯವರೆಗೆ ಬಿಗಿಯಾಗಿ ಸುತ್ತಿ ಇವರು ತೊಡೆಯ ಮೇಲೆ ಹಿಡಿದುಕೊಂಡರು. ಎದುರಿನಿಂದ ಕೈ ತಂದರೆ ಹೆದರುತ್ತದೆ, ಅದಕ್ಕೆ ನಾನು ಹಿಂದೆ ಕೂತು ಗಲ್ಲದ ಕೆಳಗೆ ಬೆರಳು ಕೊಟ್ಟು ಮುಖ ಎತ್ತಿದೆ. ಹತ್ತಿಯ ಎಳೆ ಕಣ್ಣಿಗೆ ಅಂಟೀತು ಎಂದು ಗಾಜ್ ಬಟ್ಟೆಯನ್ನೇ ಬಳಸಿದ್ದು. ಒಣಗಿದ ಪಿಸುರನ್ನು ಕೀಳಬಾರದು. ನೆನೆದ ಬಟ್ಟೆಯನ್ನು ಅದರ ಮೇಲಿಟ್ಟು ಸುಮ್ಮನೆ ಕಾಯಬೇಕು. ನೆನೆದ ಮೇಲೆ ತಾನಾಗಿ ಬಟ್ಟೆಗೆ ಬರುತ್ತದೆ. ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ ಆ ತುಂಡು ಎಸೆದು ಹೊಸದು ತೆಗೆದುಕೊಳ್ಳಬೇಕು. ಕೊನೆಗೆ ಸಿರಿಂಜಿನಿಂದ, ಸೂಜಿ ಇಲ್ಲದೆ, ಹನಿ ಹನಿಯಾಗಿ ನೀರು ಹಾಯಿಸಿದೆ. ಬೂದಿ ಮೊದಲು ಗುರ್ ಎಂದಿತು, ಆಮೇಲೆ ಅದೇನು ಹಿತವಾಯಿತೋ, ಒದ್ದಾಟ ನಿಲ್ಲಿಸಿತು. ಆದರೆ ಕಣ್ಣು ಬಿಡಲಿಲ್ಲ.

ಟವೆಲ್ ಬಿಚ್ಚಿದ್ದೇ ತಡ, ಮುಂಗಾಲಿನಿಂದ ಕಣ್ಣು ಉಜ್ಜಲು ಶುರು. ಕೊರಳಿಗೆ ಹಾಕುವ ಕಾಲರ್ ನಮ್ಮೂರಿನಲ್ಲಿ ಎಲ್ಲಿ ಸಿಗಬೇಕು? ಇವರ ಮಂಡಿಯ ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ, ಅಂಚಿಗೆ ಬಟ್ಟೆಯ ಪ್ಲಾಸ್ಟರ್ ಹಚ್ಚಿ, ಆಲಿಕೆಯಂತೆ ಸುತ್ತಿ ತೊಡಿಸಿದೆವು. ಕುತ್ತಿಗೆಗೂ ಹಾಳೆಗೂ ನಡುವೆ ಎರಡು ಬೆರಳು ಆಡುವಷ್ಟು ಸಡಿಲ ಇರಬೇಕು. ಮಂಡಿಚಿಪ್ಪಿನ ನಡುವಿನಿಂದ ಬೆಕ್ಕಿನ ಮುಖ ಕಾಣುತ್ತಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹಬ್ಬದ ಮನೆ, ಬಂದವರಿಗೆಲ್ಲ ಒಂದೊಂದು ಮದ್ದು ಗೊತ್ತು. ಕೆಳಮನೆಯ ಅಕ್ಕ ಕೈತುಂಬ ನಂದಿಬಟ್ಟಲು ಹೂ ಕೊಯ್ದೇ ತಂದಿದ್ದರು. ನಂದಿಬಟ್ಟಲಿನ ಮೇಲೆ ನನಗೆ ಸಿಟ್ಟಿಲ್ಲ, ಚಿಕ್ಕಂದಿನಲ್ಲಿ ನನ್ನ ಕಣ್ಣಿನ ಮೇಲೂ ಇಟ್ಟಿದ್ದಾರೆ. ಆದರೆ ಗಾಯವಿರಬಹುದಾದ ಕಣ್ಣಿನೊಳಗೆ ಗಿಡದಿಂದ ಆಗಷ್ಟೇ ಹಿಂಡಿದ ರಸವೇ? ಬಾಣಂತಿಯ ಎದೆಹಾಲು ಎಂದರು ಇನ್ನೊಬ್ಬರು. ಜೇನುತುಪ್ಪ ಎಂದರು. ನೋವಿಗೆ ಅರ್ಧ ಜ್ವರದ ಮಾತ್ರೆ ಕೊಡಿ ಎಂದವನು ನನ್ನ ಸ್ವಂತ ಭಾವ. ಪ್ಯಾರಾಸಿಟಮಾಲನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, ಒಂದೇ ಮಾತ್ರೆ ಜೀವ ತೆಗೆದೀತು. ಅಷ್ಟೂ ಜನಕ್ಕೆ ಬೇಡ, ಬೇಡ ಎನ್ನುವುದರಲ್ಲೇ ನನ್ನ ಹಬ್ಬ ಕಳೆಯಿತು. ಬೇಡ ಎಂದಾಗಲೆಲ್ಲ "ಮತ್ತೆ ಸುಮ್ಮನೆ ಕೂರೋದಾ?" ಎಂಬ ಪ್ರಶ್ನೆ. ಹೌದು, ಸುಮ್ಮನೆ ಕೂರುವುದೇ. ಅದರಷ್ಟು ಕಷ್ಟದ ಕೆಲಸ ಬೇರೆ ಇರಲಿಲ್ಲ. ಮುಚ್ಚಿದ ಕಣ್ಣಿನ ರೆಪ್ಪೆ ಒಳಗಿಂದೊಳಗೇ ಅದುರುವುದನ್ನು ನೋಡುತ್ತಾ ಕೂತಾಗ ನನಗೂ ಆ ಅರ್ಧ ಬಾಟ್ಲಿಯ ನೆನಪಾಗುತ್ತಿತ್ತು.

ರಾತ್ರಿ ಪಟಾಕಿ. ಬೂದಿಯನ್ನು ಅಕ್ಕಿ ಪಣತದ ಕೋಣೆಯಲ್ಲಿ ಇಟ್ಟು ಕಿಟಕಿಗೆ ಗೋಣಿ ಕಟ್ಟಿದೆ. ಬೆಳಕು ಬಿದ್ದರೆ ನೋವು ಹೆಚ್ಚು, ಹಾಗಾಗಿ ಟಾರ್ಚನ್ನು ಗೋಡೆಗೆ ಹಿಡಿದು ಆ ಬೆಳಕಿನಲ್ಲೇ ಕಣ್ಣು ನೋಡುತ್ತಿದ್ದೆ. ಮೀನಿನ ಸಾರು ಕಲಸಿದ ಅನ್ನ ಕೊಟ್ಟು, ತಿನ್ನುವಷ್ಟು ಹೊತ್ತು ಕಾಲರ್ ಬಿಚ್ಚಿ, ಪಕ್ಕದಲ್ಲೇ ಕೂತು ಮತ್ತೆ ಕಟ್ಟುತ್ತಿದ್ದೆ. ಬಲಿಪಾಡ್ಯಮಿಯ ಬೆಳಿಗ್ಗೆ ಅಂಗಳದಲ್ಲಿ ದನಗಳಿಗೆ ಅಡಿಕೆ, ಪಚ್ಚೆತೆನೆಯ ಸರ ಕಟ್ಟಿ ಆರತಿ ಎತ್ತುವಾಗ ಒಳಗೆ ಲೋಟದಲ್ಲಿ ನೀರು ಬೆಚ್ಚಗಾಗುತ್ತಿತ್ತು. ಕಣ್ಣಿನ ನೀರು ಅಂದು ಹಳದಿಗೆ ತಿರುಗಿತ್ತು. ಗುಡ್ಡೆ ಮಾತ್ರ ತಿಳಿಯಾಗೇ ಇತ್ತು. ಫೋಟೊ ಕಳಿಸಿದೆ. ಡಾಕ್ಟರು ಆ ರಾತ್ರಿಯ ಬಸ್ಸಿಗೇ ಹೊರಟರು.

ಅವರು ಕಣ್ಣು ಮರಗಟ್ಟುವ ಹನಿ ಹಾಕಿ, ಕಿತ್ತಳೆ ಬಣ್ಣದ ಕಾಗದದ ಪಟ್ಟಿಯೊಂದನ್ನು ತೇವ ಮಾಡಿ ಕಣ್ಣಿಗೆ ತಾಗಿಸಿದರು. ಫ್ಲೂರೊಸೀನ್ ಎಂಬ ಬಣ್ಣವಂತೆ. ನೀಲಿ ಟಾರ್ಚ್ ಬಿಟ್ಟಾಗ ಗುಡ್ಡೆಯ ಮೇಲೆ ಹಸಿರಾಗಿ ಹೊಳೆಯುವ ಗೀರುಗಳು ಎದ್ದುಬಂದವು. ಮೇಲ್ಪದರ ಕಿತ್ತುಹೋದಲ್ಲಿ ಮಾತ್ರ ಆ ಬಣ್ಣ ಹಿಡಿಯುತ್ತದೆ. ಮೂರನೆಯ ರೆಪ್ಪೆಯನ್ನು ಚಿಮಟದಿಂದ ಎತ್ತಿ ಹಿಂದಿನಿಂದ ಏನನ್ನೋ ಎಳೆದು ನನ್ನ ಅಂಗೈಗೆ ಹಾಕಿದರು. ಬೇಣದಿಂದ ಕೊಯ್ದು ಅಟ್ಟಕ್ಕೆ ಏರಿಸಿದ್ದ ಕರಡದ ಹುಲ್ಲಿನ ಸುಂಕು. ಬೂದಿಯ ಹಾಸಿಗೆ ಅದೇ ಹುಲ್ಲು. ರೆಪ್ಪೆ ಬಡಿದಾಗಲೆಲ್ಲ ಅದು ಕಣ್ಣನ್ನು ಕೆರೆದಿತ್ತು. ಅಷ್ಟು ಒಳಗೆ ಸಿಕ್ಕಿಕೊಂಡಿದ್ದು ನನ್ನ ಉಪ್ಪುನೀರಿಗೆ ಬರುವಂಥದ್ದಲ್ಲ.

ಆಂಟಿಬಯೊಟಿಕ್ ಹನಿಯ ಜೊತೆ, ಕಣ್ಣಿನೊಳಗಿನ ಸೆಳೆತ ಇಳಿಯಲು ಅಟ್ರೊಪಿನ್ ಕೊಟ್ಟರು. ಕಣ್ಣಿಗೆ ಹಾಕಿದ ಹನಿ ಮೂಗಿನ ನಾಳದಿಂದ ಬಾಯಿಗೆ ಇಳಿಯುತ್ತದೆ, ಅದು ಬಲು ಕಹಿ, ನೊರೆ ಕಾರಿದರೆ ಹೆದರಬೇಡಿ ಎಂದಿದ್ದರು. ಹಾಗೆಯೇ ಆಯಿತು. ಬಾಯಿತುಂಬ ನೊರೆ, ಕೊರಳಿಗೆ ಎಕ್ಸ್‌ರೇ, ಒಂದು ಕಣ್ಣಿನ ಪಾಪೆ ಕಾಸಿನಗಲ; ಈ ಅವತಾರದಲ್ಲಿ ಬೂದಿ ನಡುಮನೆಗೆ ಬಂದಾಗ ಅತ್ತೆ ಎದ್ದೇ ನಿಂತರು. "ನಾನು ಹೇಳಿದ ಹನಿ ಬಿಟ್ಟಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಎಂದರು. ಎರಡನೆಯ ಸಲ ಬಣ್ಣ ಹಾಕಿ ನೋಡಿದಾಗ ಹಸಿರು ಕಾಣಲಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಸ್ಪೀಕರ್ ಹಾಕಿ ಕೇಳಿಸಿದರೂ ಅವರು ಒಪ್ಪಿಲ್ಲ. ಕರಡದ ಹುಲ್ಲನ್ನಂತೂ ಕೊಟ್ಟಿಗೆಯ ಅಟ್ಟಕ್ಕೆ ಸಾಗಿಸಿದ್ದೇವೆ. ಬೂದಿಯೂ ಅಲ್ಲಿಗೇ ಹೋಗಿ ಮಲಗುತ್ತದೆ.