ಒಡಲೊಳಗಿನ ಒಕ್ಕಲು

ಅಭಿವ್ಯಕ್ತಿಯೆಂಬುದು ಕಾವ್ಯಮೀಮಾಂಸೆಗೆ ಚಿರಪರಿಚಿತವಾದ ಮಾತು. ಜೀವವಿಜ್ಞಾನವೂ ಅದನ್ನೇ ಬಳಸುತ್ತದೆ. ಜೀವಕೋಶದಲ್ಲಿ ಬರಹದಂತೆ ಅಡಗಿರುವ ವಂಶವಾಹಿ ಕ್ರಿಯೆಗಿಳಿದು ಪ್ರೋಟೀನಿನ ರೂಪ ತಾಳುವುದೇ ಅದರ ಅಭಿವ್ಯಕ್ತಿ. ಎಲ್ಲ ವಂಶವಾಹಿಗಳೂ ಎಲ್ಲ ಕಾಲಕ್ಕೂ ನುಡಿಯುವುದಿಲ್ಲ. ಯಾವುದು ಎಲ್ಲಿ, ಎಷ್ಟು ನುಡಿಯಬೇಕೆಂಬುದನ್ನು ಕೆಲವೊಮ್ಮೆ ನೆರೆಯ ಜೀವಿಯೂ ನಿರ್ಧರಿಸುತ್ತದೆ.

ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಹೆಸರಿಸಿದ ಗೋದಾವರಿ ಹುಟ್ಟುವ ನಾಸಿಕ ಜಿಲ್ಲೆ ಇಂದು ದ್ರಾಕ್ಷಿಗೆ ಪ್ರಸಿದ್ಧ. ಅಲ್ಲಿನ ಬೆಳೆಗಾರರನ್ನು ಕಾಡುವ ಕೀಟಗಳಲ್ಲಿ ಗುಲಾಬಿ ಹಿಟ್ಟು ತಿಗಣೆ ಮುಖ್ಯವಾದುದು. ಅದು ಹೀರುವ ಸಸ್ಯರಸದಲ್ಲಿ ಸಕ್ಕರೆ ಹೇರಳ, ಅವಶ್ಯಕ ಅಮೈನೋ ಆಮ್ಲಗಳು ವಿರಳ. ಆ ಕೊರತೆಯನ್ನು ತುಂಬುವುದು ತಿಗಣೆಯ ವಿಶೇಷ ಕೋಶಗಳಲ್ಲಿ ಒಕ್ಕಲಾಗಿರುವ ಬ್ಯಾಕ್ಟೀರಿಯ. ಅವೂ ಒಂದರೊಳಗೊಂದು ನೆಲೆಸಿವೆ: ಟ್ರೆಂಬ್ಲಾಯ ಎಂಬುದರ ಒಡಲಿನಲ್ಲಿ ಮತ್ತೊಂದು.

ಇದರ ಬಂಧುವಾದ, ನಿಂಬೆ ಜಾತಿಯ ಗಿಡಗಳ ಹಿಟ್ಟು ತಿಗಣೆಯಲ್ಲಿ ಈ ಕೂಡುಬಾಳಿನ ಅಧ್ಯಯನ ಆಳವಾಗಿ ನಡೆದಿದೆ. ಅಲ್ಲಿನ ಟ್ರೆಂಬ್ಲಾಯದಲ್ಲಿ ಪ್ರೋಟೀನು ರೂಪಿಸುವ ವಂಶವಾಹಿಗಳು ಉಳಿದಿರುವುದು ಸುಮಾರು 120 ಮಾತ್ರ. ಒಂದೇ ಅಮೈನೋ ಆಮ್ಲದ ತಯಾರಿಕೆಯಲ್ಲಿ ಒಂದು ಹಂತ ಒಬ್ಬರದು, ಮರುಹಂತ ಇನ್ನೊಬ್ಬರದು. ಹಿಂದೆಂದೋ ಅನ್ಯ ಬ್ಯಾಕ್ಟೀರಿಯಗಳಿಂದ ಬಂದ 20ಕ್ಕೂ ಹೆಚ್ಚು ವಂಶವಾಹಿಗಳು ತಿಗಣೆಯಲ್ಲೇ ಇರುವುದೂ, ಅವುಗಳಲ್ಲಿ ಹಲವು ಈ ವಿಶೇಷ ಕೋಶಗಳಲ್ಲಿ ಅಧಿಕವಾಗಿ ಅಭಿವ್ಯಕ್ತಗೊಳ್ಳುವುದೂ 2013ರಲ್ಲಿ ತಿಳಿದುಬಂತು. ಒಳಗಿನ ಬ್ಯಾಕ್ಟೀರಿಯದ ಕೋಶಭಿತ್ತಿ ಕಟ್ಟಲು ತಿಗಣೆಯ ಪ್ರೋಟೀನುಗಳೂ ಕೈಗೂಡಿಸುತ್ತವೆಂದು 2019ರ ಸಂಶೋಧನೆ ತೋರಿಸಿತು. ಒಕ್ಕಲು ಕಳೆದುಕೊಂಡುದನ್ನು ಒಡೆಯ ನುಡಿಯುತ್ತಾನೆ.

ಒಕ್ಕಲೂ ಋಣ ತೀರಿಸುತ್ತದೆ. ಪೈಠಣದ ಬಳಿ ಅದೇ ಗೋದಾವರಿ ಹರಿಯುವ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಮೊಸಂಬಿ ತೋಟಗಳುಂಟು. ಮೊಸಂಬಿಯಂಥ ಗಿಡಗಳ ಚಿಗುರನ್ನು ಹೀರುವ ಸಿಲ್ಲಾ ಕೀಟದೊಳಗಿನ ಪ್ರಾಫ್ಟೆಲ್ಲ ಎಂಬ ಬ್ಯಾಕ್ಟೀರಿಯ, ಡಯಾಫೋರಿನ್ ಎಂಬ ವಿಷವಸ್ತುವನ್ನು ತಯಾರಿಸುತ್ತದೆ.

ಹಾಗೆಂದು ಇದನ್ನು ಬರಿಯ ಸ್ನೇಹವೆನ್ನಲಾಗದು. ಧಾನ್ಯ ಕೊರೆಯುವ ಸೊಂಡಿಲು ಹುಳು ತನ್ನ ಒಕ್ಕಲನ್ನು ಅಂಕೆಯಲ್ಲಿಡಲು ಸೂಕ್ಷ್ಮಜೀವಿನಿರೋಧಕ ವಸ್ತುವೊಂದನ್ನು ಸತತವಾಗಿ ಸ್ರವಿಸುತ್ತದೆ. ಅದರ ವಂಶವಾಹಿಯನ್ನು ಮೌನಗೊಳಿಸಿದಾಗ ಬ್ಯಾಕ್ಟೀರಿಯಗಳು ತಮ್ಮ ನೆಲೆ ತೊರೆದು ಇತರ ಅಂಗಾಂಶಗಳಿಗೆ ಹರಡಿದುದು 2011ರಲ್ಲಿ ವರದಿಯಾಯಿತು. ಆಶ್ರಯವೂ ಅಂಕೆಯೂ ಇಲ್ಲಿ ಒಂದೇ ಕೋಶದ ಕೆಲಸ.

ಸಹೃದಯನಿಲ್ಲದೆ ಕಾವ್ಯ ಪೂರ್ಣವಾಗದೆಂಬುದನ್ನು ಆಲಂಕಾರಿಕರು ಬಲ್ಲರು. ಆದರೆ ಓದುಗ ಪುಸ್ತಕವನ್ನು ಮುಚ್ಚಿ ಎದ್ದುಹೋಗಬಹುದು. ಈ ಜೀವಿಗಳಿಗೆ ಆ ಸ್ವಾತಂತ್ರ್ಯವಿಲ್ಲ. ಟ್ರೆಂಬ್ಲಾಯ ಹೊರಗೆ ಬಂದು ಬದುಕಲಾರದು. ಅದಿಲ್ಲದೆ ತಿಗಣೆ ಬೆಳೆಯಲಾರದು. ಇದು ತನ್ನದು, ಅದು ಪರರದು ಎಂದು ಗೆರೆಯೆಳೆಯುವ ಅಭ್ಯಾಸ ಭಾಷೆಯ ವಿದ್ಯಾರ್ಥಿಗಳಿಗೂ ಇದೆ. ಬೆಳೆಗಾರನು ಒಂದೇ ಕೀಟವೆಂದು ಬಗೆದು ಸಿಂಪಡಿಸುವ ಔಷಧಿಯ ಕೆಳಗೆ, ಅಂಥ ಗೆರೆಯನ್ನೇ ಅರಿಯದ ಮೂರು ಬಾಳುಗಳಿವೆ.