ಒದ್ದೆಯಾದ ಕಣ

ಸಕಲೇಶಪುರದ ಬಳಿಯ ಬೆಟ್ಟದ ಕೋಟೆಗೆ ಮಂಜರಾಬಾದ್ ಎಂಬ ಹೆಸರು ಮಂಜಿನಿಂದಲೇ ಬಂದಿತೆಂದು ಆ ಸೀಮೆಯ ಜನ ಹೇಳುವುದುಂಟು. ಮಾಗಿಯ ಮಂಜು ಅಲ್ಲಿನ ಕೃಷಿಕನಿಗೆ ಹೊಸದಲ್ಲ. ಬೆಳಗಿನ ಹೊತ್ತು ಹೇಮಾವತಿಯ ಕಣಿವೆಯನ್ನು ಮುಸುಕಿಕೊಂಡಿದ್ದು, ಬಿಸಿಲೇರಿದಂತೆ ತಾನಾಗಿ ಸರಿದುಹೋಗುವ ಆ ಮಂಜನ್ನು ಲೆಕ್ಕಕ್ಕೆ ಹಿಡಿದೇ ಅವನು ದಿನದ ಕೆಲಸವನ್ನು ಹೊಂದಿಸಿಕೊಳ್ಳುತ್ತಾನೆ. ಅವನ ಲೆಕ್ಕವನ್ನು ಕೆಡಿಸುವುದು ಮಾಗಿಯಲ್ಲಿ ಸುರಿಯುವ ಮಳೆ.

ಆಲೂರಿಗೂ ಸಕಲೇಶಪುರಕ್ಕೂ ನಡುವಣ ಒಂದು ಹಳ್ಳಿ. ಅಲ್ಲಿಯ ಒಂದು ಚಿಕ್ಕ ಕುಟುಂಬಕ್ಕೆ ನಾಲ್ಕು ಎಕರೆ ಕಾಫಿ, ಒಂದಿಷ್ಟು ಗದ್ದೆ, ಎರಡು ಹಸು, ಮನೆಯ ಮುಂದೆ ಸಗಣಿ ಸಾರಿಸಿದ ಒಂದು ಮಣ್ಣಿನ ಕಣ. 2020ರ ಡಿಸೆಂಬರ್ ತಿಂಗಳಲ್ಲಿ ಆ ಮನೆಯ ಯಜಮಾನರು ಮುಂದಿನ ಕೆಲಸಗಳನ್ನು ಬೆರಳೆಣಿಸಿ ಹೇಳಿದ್ದರು: ಅರೇಬಿಕಾ ಒಣಗಬೇಕು, ಬಳಿಕ ಅದೇ ಕಣದಲ್ಲಿ ಭತ್ತ ಬಡಿಯಬೇಕು, ರೊಬಸ್ಟಾ ಕೊಯ್ಯಬೇಕು, ಕಾಫಿ ಮಾರಿದ ಹಣದಲ್ಲಿ ಕಣಕ್ಕೆ ಸಿಮೆಂಟು ಹಾಕಿಸಬೇಕು, ಬೇಸಗೆಯಲ್ಲಿ ಕೊಟ್ಟಿಗೆಯ ಹೆಂಚು ಕೈಯಾಡಿಸಬೇಕು.

2021ರ ಜನವರಿಯ ಮೊದಲ ದಿನಗಳಲ್ಲಿ ಕಾಫಿ ಸೀಮೆಗೆಲ್ಲ ಅಕಾಲಿಕ ಮಳೆ ಬಂದಿತು. ಕೊಯ್ದ ಹಣ್ಣು ಸಿಪ್ಪೆಸಮೇತ ಒಣಗಲು ಒಳ್ಳೆಯ ಬಿಸಿಲಿದ್ದರೂ ಹನ್ನೆರಡು ಹದಿನೈದು ದಿನಗಳು ಬೇಕು. ಅರ್ಧ ಒಣಗಿದ ಹಣ್ಣು ನೆನೆದರೆ ಬೂಷ್ಟು ಹಿಡಿಯುತ್ತದೆ, ವಾಸನೆ ತಿರುಗುತ್ತದೆ, ಬೆಲೆ ಕುಸಿಯುತ್ತದೆ. ತಾಡಪಾಲು ಮುಚ್ಚಿದರೆ ಮೇಲಿನ ನೀರು ನಿಲ್ಲಬಹುದು. ಮಣ್ಣಿನ ಕಣದ ತಳದಿಂದ ಏರುವ ತೇವವನ್ನು ತಡೆಯುವವರು ಯಾರು? ಯಜಮಾನರ ವೃದ್ಧ ತಾಯಿ ಜಗುಲಿ, ನಡುಮನೆಗಳನ್ನು ತೆರವು ಮಾಡಿಸಿ, ಹಣ್ಣನ್ನು ತೆಳ್ಳಗೆ ಹರಡಿಸಿ, ರಾತ್ರಿಯೂ ಎದ್ದು ಕೈಯಾಡಿಸಿದರು. ಸಾಂಕ್ರಾಮಿಕದಿಂದಾಗಿ ಕಾಲೇಜು ಮುಚ್ಚಿ ಊರಿಗೆ ಬಂದಿದ್ದ ಮೊಮ್ಮಗ ಬುಟ್ಟಿ ಹೊತ್ತನು.

"ಅಪ್ಪಾ, ಕಣಕ್ಕೆ ಮೊದಲೇ ಸಿಮೆಂಟು ಹಾಕಿಸಿದ್ದರೆ ಇಷ್ಟು ನಷ್ಟ ಆಗುತ್ತಿತ್ತೇ?" ಎಂದು ಅವನು ಕೇಳಿದನು.

"ಕಾಫಿ ಮಾರದೆ ಸಿಮೆಂಟಿಗೆ ದುಡ್ಡು ಎಲ್ಲಿಂದ ತರಲಿ, ಮಗಾ? ಹೋದ ವರ್ಷದ ಸಾಲವೇ ತೀರಿಲ್ಲ" ಎಂದರು ತಂದೆ.

ಚಿಕ್ಕ ಹಿಡುವಳಿಯ ಕಷ್ಟವೆಲ್ಲ ಈ ಮಾತಿನಲ್ಲಿದೆ. ಬೆಳೆಯನ್ನು ಉಳಿಸಬೇಕಾದ ಕಣವನ್ನು ಆ ಬೆಳೆಯೇ ಕಟ್ಟಿಕೊಡಬೇಕು. ಕಣ ಒಂದೇ ಆದುದರಿಂದ ಅದು ಒದ್ದೆಯಾದ ದಿನ ಭತ್ತದ ಮೆದೆಯೂ ಕಾಯುತ್ತದೆ, ಸಾಲ ಕೊಟ್ಟವನೂ ಕಾಯುತ್ತಾನೆ.

ಮಳೆ ನಿಂತ ಮೇಲೆ ಮತ್ತೊಂದು ಪೇಚು ಎದುರಾಯಿತು. ಫೆಬ್ರವರಿ, ಮಾರ್ಚ್‌ಗಳ ಹೂಮಳೆಗೆ ಅರಳಬೇಕಾದ ರೊಬಸ್ಟಾ ಜನವರಿಯಲ್ಲೇ ಮೊಗ್ಗೊಡೆದು, ಒಂದೇ ರೆಂಬೆಯಲ್ಲಿ ಈ ವರ್ಷದ ಹಣ್ಣೂ ಬರುವ ವರ್ಷದ ಹೂವೂ ಕಾಣಿಸಿಕೊಂಡವು. ಹಣ್ಣಿಗೆ ಕೈಹಾಕಿದರೆ ಹೂವು ಉದುರುತ್ತದೆ. ಹೂವನ್ನು ಕಾದರೆ ಹಣ್ಣು ನೆಲಕ್ಕೆ ಬೀಳುತ್ತದೆ. ಯಜಮಾನರು ಒಂದು ಹಗಲೆಲ್ಲ ಗಿಡಗಳ ನಡುವೆ ತಿರುಗಾಡಿ, ಸಂಜೆ ಕೊಯ್ಲು ನಿಲ್ಲಿಸಿದರು.

ಕೊಯ್ಲಿಗೆಂದು ಬಯಲುಸೀಮೆಯಿಂದ ಬಂದಿದ್ದ ಗಂಡಹೆಂಡಿರಿಬ್ಬರು ಲೈನು ಮನೆಯಲ್ಲಿದ್ದರು. ದಿನಗೂಲಿಯವರಿಗೆ ಕೆಲಸವಿಲ್ಲದ ದಿನವೆಂದರೆ ಕೂಲಿಯಿಲ್ಲದ ದಿನ. "ನಮ್ಮ ಹೂವು ಕಾಯೋದಕ್ಕೆ ಅವರ ಹೊಟ್ಟೆ ಕಾಯಬೇಕೇನಪ್ಪಾ?" ಎಂದು ತಾಯಿ ಕೇಳಿದರು. ಮರುದಿನವೇ ಬೇಸಗೆಗೆಂದು ಇಟ್ಟಿದ್ದ ಕೊಟ್ಟಿಗೆಯ ಕೆಲಸ ಆರಂಭವಾಯಿತು. ಒಡೆದ ಹೆಂಚುಗಳನ್ನು ತೆಗೆದು, ಗೆದ್ದಲು ಹಿಡಿದ ರೀಪುಗಳನ್ನು ಬದಲಿಸುವಷ್ಟರಲ್ಲಿ ಹೂವು ಬಾಡಿ ಕಾಯಿ ಕಚ್ಚಿತು. ಕೊಯ್ಲು ಮತ್ತೆ ಸಾಗಿತು. ನೆಲಕ್ಕೆ ಬಿದ್ದ ಹಣ್ಣನ್ನು ಆರಿಸಿದ್ದಾಯಿತು. ಅರೇಬಿಕಾಕ್ಕೆ ಮಾತ್ರ ಹೇಳಿಕೊಳ್ಳುವ ಬೆಲೆ ಬರಲಿಲ್ಲ. ಸಿಮೆಂಟಿನ ಮಾತು ಮುಂದಕ್ಕೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಮಳೆ ಸುರಿದು, ಮಣ್ಣಿನ ಕಣ ಮತ್ತೊಮ್ಮೆ ಕೆಸರಾಯಿತು.

ಕಣಕ್ಕೆ ಸಿಮೆಂಟು ಬಿದ್ದದ್ದು 2024ರ ಬೇಸಗೆಯಲ್ಲಿ. ಆ ವರ್ಷ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಮೋಡ, ಡಿಸೆಂಬರಿನ ಮೊದಲಲ್ಲಿ ಮಲೆನಾಡಿಗೂ ಬಂದಿತು. ಮಳೆನೀರು ಹೊಸ ಕಣದ ಇಳಿಜಾರಿನಲ್ಲಿ ಹರಿದುಹೋಯಿತು. ಮೋಡ ಸರಿದ ದಿನ ಮಧ್ಯಾಹ್ನದೊಳಗೆ ನೆಲ ಆರಿ, ಹಣ್ಣನ್ನು ಮತ್ತೆ ಹರಡುವಂತಾಯಿತು. ಆದರೂ ಯಜಮಾನರು ತಾಡಪಾಲನ್ನು ಅಟ್ಟಕ್ಕೆ ಏರಿಸಲಿಲ್ಲ. ಮಡಚಿ ಜಗುಲಿಯ ಮೂಲೆಯಲ್ಲಿ, ಕತ್ತಲೆಯಲ್ಲಿಯೂ ಕೈಗೆ ಸಿಗುವಂತೆ ಇರಿಸಿದರು.