ಕಲ್ಲು ಮಗುಚಿ ನೋಡುವ ಸುಖ

ಬೆನ್ನುಮೂಳೆ ಎಂಬ ಸರದ ಒಂದೊಂದು ಮಣಿಗೂ ಕಶೇರುಕ ಎಂದು ಹೆಸರು. ಅಂಥ ಮಣಿಗಳೇ ಇಲ್ಲದ ಜೀವಿಗಳನ್ನು ವಿಜ್ಞಾನವು ಅಕಶೇರುಕಗಳೆಂದು ಕರೆಯುತ್ತದೆ. ಹೆಸರಿಟ್ಟು ದಾಖಲಿಸಿದ ಪ್ರಾಣಿ ಪ್ರಭೇದಗಳಲ್ಲಿ 100ಕ್ಕೆ 95ಕ್ಕಿಂತ ಹೆಚ್ಚಿನವು ಈ ಗುಂಪಿನವೇ ಆಗಿದ್ದರೂ ಅವುಗಳಿಗೆ ಸಿಕ್ಕಿರುವುದು ಇಲ್ಲದಿರುವುದನ್ನು ಹೇಳುವ ಹೆಸರು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೂ ಜನರು ಬಹುಕಾಲದಿಂದ ಹೀಗೆಯೇ, ಬಾರದ ಮಳೆಯ ಹೆಸರಿನಲ್ಲಿ, ಬರದ ಸೀಮೆ ಎಂದು ಗುರುತಿಸುತ್ತ ಬಂದಿದ್ದಾರೆ. ಆದರೆ ಅಲ್ಲಿನ ಬೋಳು ಗುಡ್ಡಗಳ ತಪ್ಪಲಿನಲ್ಲಿ ಕಲ್ಲು ಮಗುಚಿ, ಹುತ್ತದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಒಣಗಿದ ಕೆರೆಯಂಗಳದಲ್ಲಿ ಬಗ್ಗಿ ನೋಡುತ್ತ ನಡೆಯುವ ಹವ್ಯಾಸಿಗೆ ಈ ಸೀಮೆಯಲ್ಲಿ ಏನೇನಿದೆ ಎಂಬುದನ್ನು ಎಣಿಸಿ ಮುಗಿಸುವುದಕ್ಕೆ ಒಂದು ಆಯುಷ್ಯ ಸಾಲದು.

ಎಣಿಕೆ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು, ಏಕೆಂದರೆ ಅಕಶೇರುಕಗಳನ್ನು ಗುರುತಿಸುವ ಕೆಲಸದಲ್ಲಿ ಕಾಲು, ರೆಕ್ಕೆ, ಮೀಸೆ ಮತ್ತು ದೇಹದ ಖಂಡಗಳನ್ನು ಎಣಿಸುವುದಕ್ಕೆ ದೊಡ್ಡ ಪಾತ್ರವಿದೆ. ಹಳ್ಳಿಯ ಮಾತಿನಲ್ಲಿ ಇವೆಲ್ಲವೂ ಹುಳಹುಪ್ಪಟೆ. ಹಾವು ಕಚ್ಚಿದರೂ 'ಹುಳ ಮುಟ್ಟಿತು' ಎನ್ನುವ ವಾಡಿಕೆಯಿರುವುದರಿಂದ ಹುಳ ಎಂಬ ಪದದೊಳಗೆ ಬೆನ್ನುಮೂಳೆಯುಳ್ಳ ಜೀವಿಗೂ ಜಾಗವಿದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 1758ರಲ್ಲಿ ತನ್ನ ವರ್ಗೀಕರಣ ಗ್ರಂಥದ ಹತ್ತನೆಯ ಆವೃತ್ತಿಯನ್ನು ಹೊರತಂದ ಸ್ವೀಡನ್ನಿನ ಲಿನೇಯಸ್ ಕೂಡ ಬೆನ್ನುಮೂಳೆಯಿಲ್ಲದ ಪ್ರಾಣಿಗಳನ್ನೆಲ್ಲ ಕೀಟಗಳು ಮತ್ತು ಹುಳುಗಳು ಎಂಬ ಎರಡೇ ವರ್ಗಗಳಲ್ಲಿ ತುಂಬಿ, ಚೇಳು, ಜೇಡ, ಏಡಿಗಳನ್ನು ಕೀಟಗಳ ಸಾಲಿಗೆ ಸೇರಿಸಿದ್ದ. ಅದುವರೆಗೆ ಸಸ್ಯಶಾಸ್ತ್ರಜ್ಞನೆಂದೇ ಹೆಸರಾಗಿದ್ದ ಲಾಮಾರ್ಕ್, 1793ರಲ್ಲಿ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಕೀಟ ಮತ್ತು ಹುಳುಗಳ ಪ್ರಾಧ್ಯಾಪಕನಾದ ಮೇಲೆ, ಏಡಿಯ ಬಳಗವನ್ನೂ ಜೇಡ-ಚೇಳುಗಳ ಬಳಗವನ್ನೂ ಕೀಟಗಳಿಂದ ಬಿಡಿಸಿ, 1801ರಲ್ಲಿ ಬೆನ್ನುಮೂಳೆಯಿಲ್ಲದ ಪ್ರಾಣಿಗಳಿಗೆಂದೇ ಒಂದು ಗ್ರಂಥವನ್ನು ಪ್ರಕಟಿಸಿದ. ಐವತ್ತರ ಹೊಸ್ತಿಲಲ್ಲಿ ಹೊಸ ವಿದ್ಯೆಯೊಂದನ್ನು ಕಲಿಯಲು ಕುಳಿತ ಆ ಮನುಷ್ಯನ ಮೇಲೆ ಈ ಹವ್ಯಾಸದವರಿಗೆಲ್ಲ ಅಭಿಮಾನವಿರುವುದು ಸಹಜವಾಗಿದೆ.

ಕೀಲುಗಳುಳ್ಳ ಕಾಲು ಮತ್ತು ಕೈಟಿನ್ ಎಂಬ ಗಡುಸು ಪದಾರ್ಥದ ಹೊರಕವಚವುಳ್ಳ ಪ್ರಾಣಿಗಳ ಮಹಾವಂಶಕ್ಕೆ ಸಂಧಿಪದಿಗಳು ಎಂದು ಹೆಸರು, ಮತ್ತು ಕೊರಟಗೆರೆ ಸೀಮೆಯ ಗುಡ್ಡದ ಕಲ್ಲುಗಳ ಅಡಿಯಲ್ಲಿ ಸಿಗುವವು ಹೆಚ್ಚಾಗಿ ಈ ವಂಶದವೇ. ಅವುಗಳಲ್ಲಿ ಚೇಳಿನಷ್ಟು ಹೊತ್ತು ಕಣ್ಣನ್ನು ಹಿಡಿದಿಡುವ ಜೀವಿ ಇನ್ನೊಂದಿಲ್ಲ. ಮುಂದೆ ಚಾಚಿದ ಎರಡು ಇಕ್ಕಳಗಳು ಅದರ ಕಾಲುಗಳಲ್ಲ, ಬಾಯಿಯ ಪಕ್ಕದ ಅವಯವಗಳು. ಕಾಲುಗಳು ಅವುಗಳ ಹಿಂದಿರುವ ನಾಲ್ಕು ಜೊತೆ ಮಾತ್ರ, ಆದ್ದರಿಂದಲೇ ಅದು ಜೇಡದ ನೆಂಟ. ಹೊಟ್ಟೆಯ ಅಡಿಯಲ್ಲಿ, ಕಡೆಯ ಜೊತೆ ಕಾಲುಗಳ ಹಿಂದೆ, ಬೇರೆ ಯಾವ ಪ್ರಾಣಿಗೂ ಇಲ್ಲದ ಎರಡು ಬಾಚಣಿಗೆಗಳಿದ್ದು, ನಡೆಯುವಾಗ ಚೇಳು ಅವುಗಳಿಂದ ನೆಲವನ್ನು ಸವರಿ ವಾಸನೆ, ಸ್ಪರ್ಶಗಳನ್ನು ಅರಿಯುತ್ತದೆ. ಚೇಳು ಮೊಟ್ಟೆಯಿಡದೆ ಮರಿ ಹಾಕುತ್ತದೆ, ಮತ್ತು ಆ ಬಿಳಿ ಮರಿಗಳು ಮೊದಲ ಸಲ ಪೊರೆ ಕಳಚುವವರೆಗೆ ತಾಯಿಯ ಬೆನ್ನಿನ ಮೇಲೆಯೇ ಕುಳಿತಿರುತ್ತವೆ. ದಪ್ಪ ಇಕ್ಕಳದ ದೊಡ್ಡ ಕರಿಚೇಳಿಗಿಂತ ಸಣ್ಣ ಇಕ್ಕಳ, ದಪ್ಪ ಬಾಲದ ಕೆಂಜೇಳಿನ ವಿಷವೇ ತೀವ್ರವಾದುದು. ಹೃದಯಕ್ಕೆ ಪೆಟ್ಟು ಕೊಡುವ ಆ ವಿಷಕ್ಕೆ ಪ್ರಾಜೋಸಿನ್ ಎಂಬ ಔಷಧ ಒದಗುತ್ತದೆಂದು ತೋರಿಸಿದವರು ಮಹಾರಾಷ್ಟ್ರದ ಮಹಾಡ್ ಊರಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. ನೇರಳಾತೀತ ಬೆಳಕಿನ ಟಾರ್ಚನ್ನು ಕತ್ತಲೆಯಲ್ಲಿ ಹಿಡಿದರೆ ಚೇಳಿನ ಕವಚವು ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ, ಮತ್ತು ಹಗಲಲ್ಲಿ ಬರಿದಾಗಿ ಕಂಡ ಗುಡ್ಡದ ಮೇಲೆ ಎಷ್ಟೊಂದು ಸಂಸಾರಗಳಿವೆ ಎಂಬುದು ಆಗ ತಿಳಿಯುತ್ತದೆ.

ಪಕ್ಕದ ಕಲ್ಲಿನಡಿ ಜರಿ ಮತ್ತು ಸಾವಿರ ಕಾಲಿನ ಹುಳ ಸಿಗುತ್ತವೆ. ಜರಿಗೆ ಖಂಡಕ್ಕೆ ಒಂದು ಜೊತೆ ಕಾಲು, ಇನ್ನೊಂದಕ್ಕೆ ಬಹುಪಾಲು ಖಂಡಗಳಲ್ಲಿ ಎರಡೆರಡು ಜೊತೆ, ಮತ್ತು ಬೆಳೆದ ಜರಿಯ ಕಾಲುಗಳ ಜೊತೆಗಳನ್ನು ಎಣಿಸಿದರೆ ಬರುವುದು ಬೆಸಸಂಖ್ಯೆಯೇ.

ಕಾಲು ಎಣಿಸುವ ಈ ಲೆಕ್ಕ ದಾರಿ ತಪ್ಪಿಸುವ ಸಂದರ್ಭವೂ ಉಂಟು, ಮತ್ತು ಅದನ್ನು ಕಲಿಯಲು ರೇಷ್ಮೆ ಸಾಕುವ ಮನೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪು ಮೇಯುವ ಹುಳುವಿಗೆ ಎಂಟು ಜೊತೆ ಕಾಲುಗಳಿರುವಂತೆ ಕಂಡರೂ, ಎದೆಭಾಗದ ಮೂರು ಜೊತೆಗಳಿಗೆ ಮಾತ್ರ ಕೀಲುಗಳಿದ್ದು, ಉಳಿದ ಐದು ಜೊತೆಗಳು ಎಲೆಯನ್ನು ಹಿಡಿದುಕೊಳ್ಳಲು ಇರುವ ಮಾಂಸಲವಾದ ಹುಸಿಗಾಲುಗಳಾಗಿವೆ. ಚಿಟ್ಟೆಯಾದಾಗ ಹುಸಿಗಾಲುಗಳು ಅಳಿದು ಆರು ಕಾಲುಗಳು ಉಳಿಯುತ್ತವೆ, ಕೀಟದ ಲಕ್ಷಣ ಆಗ ಬಯಲಾಗುತ್ತದೆ. ಹೊರಕವಚವು ದೇಹದೊಡನೆ ಹಿಗ್ಗದಿರುವುದರಿಂದ ಸಂಧಿಪದಿಗಳು ಬೆಳೆಯಬೇಕಾದರೆ ಪೊರೆ ಬಿಡಲೇಬೇಕು. ರೇಷ್ಮೆ ಹುಳು ನಾಲ್ಕು ಬಾರಿ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ನಿಂತು ಪೊರೆ ಕಳಚುತ್ತದೆ. ಈ ನಿಲುಗಡೆಯನ್ನು ರೈತರು 'ಜ್ವರ' ಎನ್ನುತ್ತಾರೆ, ಹುಳು ಜ್ವರಕ್ಕೆ ಕೂರುತ್ತದೆ, ಜ್ವರದಿಂದ ಏಳುತ್ತದೆ. ಜೀವಶಾಸ್ತ್ರದ ಪುಸ್ತಕಗಳು ನಿರ್ಮೋಚನ ಎಂಬ ಭಾರವಾದ ಪದದಲ್ಲಿ ಹೇಳುವುದನ್ನು, ಆ ಹೊತ್ತಿನಲ್ಲಿ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು ಎಂಬ ಎಚ್ಚರಿಕೆಯನ್ನೂ ಒಳಗೊಂಡಂತೆ, ಈ ಒಂದು ಮಾತು ಹೆಚ್ಚು ಚೆನ್ನಾಗಿ ಹೇಳುತ್ತದೆ. ನಾಲ್ಕನೆಯ ಜ್ವರ ಎದ್ದು, ಮೇದು, ಹಣ್ಣಾದ ಹುಳು ಚಂದ್ರಂಕಿ ಎಂಬ ತಟ್ಟಿಯ ಮೇಲೆ ಗೂಡು ಕಟ್ಟುವಷ್ಟರಲ್ಲಿ ಅದರ ತೂಕ ಮೊಟ್ಟೆಯೊಡೆದ ದಿನಕ್ಕಿಂತ ಸುಮಾರು 10,000 ಪಟ್ಟು ಹೆಚ್ಚಿರುತ್ತದೆ.

ಮಧುಗಿರಿ ಎಂದರೆ ಜೇನಿನ ಬೆಟ್ಟ. ಒಂಟಿ ಎರಿಯನ್ನು ಬಂಡೆಗೆ ತೂಗುಹಾಕಿ ಬಯಲಿನಲ್ಲಿಯೇ ಬದುಕುವ ಹೆಜ್ಜೇನಿಗೆ ಎರಡು ಜೊತೆ ರೆಕ್ಕೆಗಳಿದ್ದು, ಜೇನಿನಂತೆಯೇ ಪಟ್ಟೆ ಹೊತ್ತು ಹೂವಿಗೆ ಬರುವ ಹೂನೊಣಕ್ಕೆ ಒಂದೇ ಜೊತೆಯಿರುವುದರಿಂದ, ಇವೆರಡರ ಗಣಗಳು ಬೇರೆಬೇರೆ. ಇದಿಷ್ಟನ್ನು ತಿಳಿದವನು ಹುಚ್ಚೆಳ್ಳಿನ ಹೊಲದ ಬದುವಿನಲ್ಲಿ ಇಡೀ ಬೆಳಗನ್ನು ಬೇಸರವಿಲ್ಲದೆ ಕಳೆಯಬಲ್ಲ.

ಶಿರಾ ಕಡೆಯ ಕೆರೆಗಳಲ್ಲಿ ಕಥೆ ಮೃದ್ವಂಗಿಗಳದು. ಇವು ಮೆತ್ತನೆಯ, ಖಂಡಗಳಿಲ್ಲದ ಮೈಯನ್ನು ಬಹುಮಟ್ಟಿಗೆ ಸುಣ್ಣದ ಚಿಪ್ಪಿನಲ್ಲಿ ಅಡಗಿಸಿಕೊಂಡಿರುವ ವಂಶದವು. ಕೆರೆಯ ದೊಡ್ಡ ಬಸವನಹುಳುವಿಗೆ ನೀರಿನಲ್ಲಿ ಉಸಿರಾಡಲು ಕಿವಿರು, ಗಾಳಿಯಲ್ಲಿ ಉಸಿರಾಡಲು ಶ್ವಾಸಕೋಶದಂಥ ಚೀಲ ಎರಡೂ ಇವೆ. ಕೆರೆ ಬತ್ತಿದಾಗ ಅದು ಕೆಸರಿನೊಳಗಿಳಿದು, ಕಾಲಿಗೆ ಅಂಟಿಕೊಂಡಿರುವ ಮುಚ್ಚಳದಿಂದ ಚಿಪ್ಪಿನ ಬಾಗಿಲನ್ನು ಭದ್ರಪಡಿಸಿ, ಮಳೆ ಬರುವವರೆಗೆ ಉಣ್ಣದೆ ಮಲಗುತ್ತದೆ. ಈ ಸೀಮೆಯ ನೆಲ ಬಿರುಕು ಬಿಟ್ಟಿದ್ದಾಗ ಜೀವವೆಲ್ಲ ಸತ್ತಿದೆ ಎಂದು ತೀರ್ಮಾನಿಸುವವರು ಆ ಮುಚ್ಚಳವನ್ನು ಒಮ್ಮೆ ನೋಡಬೇಕು. ನಕ್ಷತ್ರಮೀನು ಸೇರಿರುವ ಕಂಟಕಚರ್ಮಿಗಳ ವಂಶ ಇಲ್ಲಿ ಸಿಗದು, ಏಕೆಂದರೆ ಅದರ ಪ್ರಾಣಿಗಳೆಲ್ಲವೂ ಸಮುದ್ರವಾಸಿಗಳು.

ಪಾವಗಡದ ಕೆಂಪು ಮಣ್ಣಿನಲ್ಲಿ ಮಳೆಗಾಗಿನ ಇಂಥ ಕಾಯುವಿಕೆ ಶೇಂಗಾ ಬೆಳೆಗಾರನಿಗೆ ಕಷ್ಟವನ್ನೂ ತರುತ್ತದೆ. ಕಂಬಳಿ ಹುಳುವಿನ ಕೋಶಗಳು ತಿಂಗಳುಗಟ್ಟಲೆ ನೆಲದೊಳಗಿದ್ದು, ಮೊದಲ ಹದಮಳೆ ಬಿದ್ದೊಡನೆ ಚಿಟ್ಟೆಗಳಾಗಿ ಒಟ್ಟಿಗೆ ಮೇಲೇಳುತ್ತವೆ. ಊರವರೆಲ್ಲ ಒಂದೇ ಸಂಜೆ ಹೊಲಗಳಲ್ಲಿ ಬೆಂಕಿ ಹಾಕಿದರೆ ಬೆಳಕಿಗೆ ಬಂದು ಬೀಳುವ ಅವು ಮೊಟ್ಟೆಯಿಡುವ ಮೊದಲೇ ನಾಶವಾಗುತ್ತವೆ. ಅದೇ ಮಳೆಗೆ ಕೆಂಪು ಮಖಮಲ್ಲಿನ ಗುಂಡಿಯಂಥ ಹುಳವೂ ಮೇಲೆ ಬರುತ್ತದೆ. ಅದಕ್ಕೆ ಎಂಟು ಕಾಲು, ಅಂದರೆ ಅದು ಕೀಟವಲ್ಲ, ಚೇಳಿನ ಬಳಗದ ನುಸಿ. ಮರಿಯಾಗಿದ್ದಾಗ ಮಾತ್ರ ಆರು ಕಾಲುಗಳಿದ್ದು, ಆಗ ಅದು ಬೇರೆ ಕೀಟಗಳ ಮೈಗಂಟಿ ರಸ ಹೀರುತ್ತದೆ. ಔಷಧಿಯ ಹೆಸರಿನಲ್ಲಿ ಇದನ್ನು ಹಿಡಿದು ಒಣಗಿಸಿ ಮಾರುವುದು ನಿಲ್ಲಬೇಕು.

ಈ ಹವ್ಯಾಸಕ್ಕೆ ಬೇಕಾದುದು ಒಂದು ಭೂತಗನ್ನಡಿ, ಒಂದು ಕಡ್ಡಿ, ಒಂದು ನೋಟುಪುಸ್ತಕ. ಕಲ್ಲನ್ನು ಎತ್ತುವಾಗ ಆಚೆಯ ಅಂಚನ್ನು ಕಡ್ಡಿಯಿಂದ ಮೀಟಿ ತನ್ನ ಕಡೆಗೆ ವಾಲಿಸಿಕೊಳ್ಳಬೇಕು, ಆಗ ಒಳಗಿರುವ ಜೀವಿಗೂ ನೋಡುವವನಿಗೂ ನಡುವೆ ಕಲ್ಲೇ ಅಡ್ಡವಾಗಿರುತ್ತದೆ. ನೋಡಿ ಮುಗಿದ ಮೇಲೆ ಅದನ್ನು ಇದ್ದ ಜಾಗದಲ್ಲಿಯೇ, ಇದ್ದ ಮಗ್ಗುಲಿನಲ್ಲಿಯೇ, ಮೆಲ್ಲಗೆ ಇಳಿಸಿ ಬರಬೇಕು. ಅಡಿಯ ತಂಪು ಒಂದು ಮಧ್ಯಾಹ್ನದ ಬಿಸಿಲಿಗೇ ಆರಿಹೋಗುತ್ತದೆ.